ರಾಜಧಾನಿಗಳ ಚಳಿಯೂ ಹಾಡಿಯಂಚಿನ ಚಳಿಯೂ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯ ವಿದ್ಯಾರ್ಥಿಗಳಿಗೂ ಗ್ರಾಮಸ್ಥರಿಗೂ ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಸಂಕ್ರಾಂತಿಯ ಆಸುಪಾಸಿನಲ್ಲಿ ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ರೈತರು ತಮ್ಮ ಎತ್ತುಗಳ ಪಕ್ಕದಲ್ಲಿಯೇ ಕಂಬಳಿ ಹೊದ್ದು ಬಯಲಿನಲ್ಲಿ ರಾತ್ರಿ ಕಳೆಯುತ್ತಾರೆ. ಕಾವೇರಿಯ ಕಡೆಯಿಂದ ಮಂಜು ಏಳುತ್ತದೆ. ಬೆಳಗಿನ ಜಾವ ಒಂದು ಹಿಡಿ ಸೌದೆಯ ಸುತ್ತ ಹತ್ತು ಮಂದಿ ಕುಳಿತು ಕೈ ಕಾಯಿಸಿಕೊಳ್ಳುತ್ತಾರೆ. ಈ ವರ್ಷದ ಚಳಿ ಹಿಂದಿನ ವರ್ಷದಂತಿಲ್ಲವೆಂಬ ಮಾತು ಆ ಬೆಂಕಿಯ ಸುತ್ತ ತಪ್ಪದೆ ಬರುತ್ತದೆ.

ಅತ್ತ ಶಾಲೆಯ ರಸಪ್ರಶ್ನೆಯಲ್ಲಿ ಬೇರೊಂದು ಪ್ರಶ್ನೆ ಕೇಳಲಾಗುತ್ತದೆ: ಜಗತ್ತಿನ ಅತ್ಯಂತ ಚಳಿಯ ರಾಜಧಾನಿ ಯಾವುದು? ಮಂಗೋಲಿಯಾದ ಉಲಾನ್‌ಬಾತರ್ ಎಂದು ಮಕ್ಕಳು ಒಂದೇ ಉಸಿರಿಗೆ ಹೇಳಿ, ಅಂಕ ಪಡೆದು, ಮರೆತುಬಿಡುತ್ತಾರೆ. ಈ ಎರಡು ಚಳಿಗಳಿಗೂ ಸಂಬಂಧವಿದೆಯೇ ಎಂಬುದೇ ಇಂದಿನ ವಿಷಯ. ಸಂಬಂಧವಿದೆ, ಅದೂ ಎರಡು ಬಗೆಯಲ್ಲಿ. ಉಲಾನ್‌ಬಾತರಿನ ಚಳಿಯನ್ನು ನಿರ್ಧರಿಸುವ ಕಾರಣಗಳೇ ಎಚ್.ಡಿ. ಕೋಟೆಯ ಚಳಿಯನ್ನೂ ನಿರ್ಧರಿಸುತ್ತವೆ. ಹಾಗೆಯೇ, ಕಾವಿಗಾಗಿ ಏನನ್ನು ಸುಡಬೇಕೆಂಬ ಪ್ರಶ್ನೆ ಅಲ್ಲಿನ ಜನರನ್ನು ಹೇಗೆ ಕಾಡಿದೆಯೋ ಇಲ್ಲಿನ ಜನರನ್ನೂ ಹಾಗೆಯೇ ಕಾಡುತ್ತಿದೆ.

ಯಾವುದು ಹೆಚ್ಚು ಚಳಿ?

ಮೊದಲು ಲೆಕ್ಕವನ್ನು ನೋಡೋಣ. ಉಲಾನ್‌ಬಾತರಿನ ಜನವರಿಯ ಸರಾಸರಿ ಉಷ್ಣತೆ ಸುಮಾರು ಮೈನಸ್ 21 ಡಿಗ್ರಿ ಸೆಲ್ಸಿಯಸ್. ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ. ಅದಕ್ಕಿಂತಲೂ 21 ಡಿಗ್ರಿ ಕೆಳಗೆ, ಇಡೀ ತಿಂಗಳ ಹಗಲು ರಾತ್ರಿಗಳ ಸರಾಸರಿ ನಿಂತಿದೆಯೆಂದು ಅರ್ಥ. ಕಜಕಸ್ತಾನದ ರಾಜಧಾನಿ ಅಸ್ತಾನಾದಲ್ಲಿ ಜನವರಿಯ ಸರಾಸರಿ ಸುಮಾರು ಮೈನಸ್ 14, ಕೆನಡಾದ ಒಟ್ಟಾವಾದಲ್ಲಿ ಸುಮಾರು ಮೈನಸ್ 10, ರಷ್ಯಾದ ಮಾಸ್ಕೋದಲ್ಲಿ ಮೈನಸ್ 6ರಿಂದ 7. ಐಸ್‌ಲ್ಯಾಂಡಿನ ರೇಕ್ಯವಿಕ್ ಇವೆಲ್ಲಕ್ಕಿಂತ ಉತ್ತರದಲ್ಲಿದ್ದರೂ ಅಲ್ಲಿನ ಜನವರಿಯ ಸರಾಸರಿ ಸೊನ್ನೆಯ ಆಸುಪಾಸಿನಲ್ಲಿಯೇ ಇರುತ್ತದೆ.

ಆದರೆ ಈ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಗ್ರೀನ್‌ಲ್ಯಾಂಡ್ ಸ್ವತಂತ್ರ ದೇಶವಲ್ಲ. ಅದು ಡೆನ್ಮಾರ್ಕಿಗೆ ಸೇರಿದ ಸ್ವಾಯತ್ತ ಪ್ರದೇಶ. ಅದರ ರಾಜಧಾನಿ ನೂಕ್‌ನಲ್ಲಿ ಜನವರಿಯ ಚಳಿ ಉಲಾನ್‌ಬಾತರಿಗಿಂತ ಎಷ್ಟೋ ಮೃದು. ಆದರೆ ಜುಲೈ ತಿಂಗಳಿನಲ್ಲಿಯೂ ಅಲ್ಲಿನ ಸರಾಸರಿ ಏಳೆಂಟು ಡಿಗ್ರಿಯನ್ನು ದಾಟುವುದು ಕಷ್ಟ. ಉಲಾನ್‌ಬಾತರಿನ ಜುಲೈ 18 ಡಿಗ್ರಿಯ ಹಿತವಾದ ಬೇಸಿಗೆ. ಹೀಗಾಗಿ ಇಡೀ ವರ್ಷದ ಸರಾಸರಿ ತೆಗೆದರೆ ಎರಡೂ ಊರುಗಳು ಸೊನ್ನೆಯ ಆಸುಪಾಸಿನಲ್ಲಿ ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಅತಿ ಹೆಚ್ಚಿನ ಚಳಿಯನ್ನು ಅಳೆಯಬೇಕೇ, ಬಹುಕಾಲ ಬಿಡದ ಚಳಿಯನ್ನು ಅಳೆಯಬೇಕೇ ಎಂಬುದನ್ನು ನಿಶ್ಚಯಿಸಿಕೊಳ್ಳದೆ ಉತ್ತರ ಹೇಳಲು ಬಾರದು. ಅಂಕಿ ಕಂಡೊಡನೆ ಅದು ಯಾವುದರ ಅಂಕಿಯೆಂದು ಕೇಳುವುದು ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕಾದ ಮೊದಲ ಅಭ್ಯಾಸ.

ಚಳಿಯನ್ನು ನಿರ್ಧರಿಸುವ ಕಾರಣಗಳು

ಉತ್ತರಕ್ಕೆ ಹೋದಷ್ಟೂ ಚಳಿ ಹೆಚ್ಚುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಸೂರ್ಯನ ಕಿರಣ ಓರೆಯಾಗಿ ಬೀಳುವುದರಿಂದ ಅದು ನಿಜವೇ. ಆದರೆ ಅಷ್ಟೇ ನಿಜವಾಗಿದ್ದರೆ, 64ನೇ ಅಕ್ಷಾಂಶದ ರೇಕ್ಯವಿಕ್ ಮೊದಲ ಸ್ಥಾನದಲ್ಲಿರಬೇಕಿತ್ತು. 48ನೇ ಅಕ್ಷಾಂಶದ ಉಲಾನ್‌ಬಾತರ್ ಹಿಂದೆ ಸರಿಯಬೇಕಿತ್ತು. ಹಾಗಾಗದಿರಲು ಕಾರಣ ಸಮುದ್ರ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಐಸ್‌ಲ್ಯಾಂಡಿನ ತೀರವನ್ನು ಸವರಿಕೊಂಡು ಹೋಗುವುದರಿಂದ ರೇಕ್ಯವಿಕ್ ನಗರಕ್ಕೆ ಚಳಿಗಾಲದಲ್ಲಿಯೂ ಸಾಗರದ ಕಾವು ದೊರೆಯುತ್ತದೆ. ಉಲಾನ್‌ಬಾತರಿಗೆ ಯಾವ ದಿಕ್ಕಿನಲ್ಲಿಯೂ ಸಮುದ್ರ ಹತ್ತಿರವಿಲ್ಲ. ಬರಿಯ ನೆಲ ಬೇಗ ಕಾಯುತ್ತದೆ, ಬೇಗ ಆರಿಯೂ ಹೋಗುತ್ತದೆ.

ಮತ್ತೊಂದು ಕಾರಣ ಎತ್ತರ. ಸುಮಾರು 1,000 ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ 6ರಿಂದ 6.5 ಡಿಗ್ರಿ ಇಳಿಯುತ್ತದೆ. ಎಕ್ವಡಾರ್ ದೇಶದ ರಾಜಧಾನಿ ಕ್ವಿಟೊ ಭೂಮಧ್ಯರೇಖೆಯ ಮಗ್ಗುಲಲ್ಲಿಯೇ ಇದ್ದರೂ 2,850 ಮೀಟರ್ ಎತ್ತರದಲ್ಲಿರುವ ಕಾರಣ, ವರ್ಷವಿಡೀ ಅಲ್ಲಿನ ಸರಾಸರಿ 14–15 ಡಿಗ್ರಿ ಮಾತ್ರ. ಇದಕ್ಕೆ ಉದಾಹರಣೆ ಹುಡುಕಲು ಎಕ್ವಡಾರಿನವರೆಗೆ ಹೋಗಬೇಕಾಗಿಯೂ ಇಲ್ಲ. ಎಚ್.ಡಿ. ಕೋಟೆ ಪಟ್ಟಣ ಸುಮಾರು 700 ಮೀಟರ್ ಎತ್ತರದಲ್ಲಿದೆ. ಅದಕ್ಕಿಂತ ದಕ್ಷಿಣದಲ್ಲಿರುವ ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಒಂದರಿಂದ ಇನ್ನೊಂದಕ್ಕೆ ಅರ್ಧ ದಿನದ ಪ್ರಯಾಣ. ಆದರೆ ಊಟಿಯ ಹುಲ್ಲಿನ ಮೇಲೆ ಜನವರಿಯ ಮುಂಜಾನೆ ಬಿಳಿಯ ಹಿಮದ ಪುಡಿ ಕಾಣುತ್ತದೆ. ಕೋಟೆಯಲ್ಲಿ ಬರಿಯ ಇಬ್ಬನಿ.

ಇನ್ನೊಂದು ಕಾರಣ ಆಕಾಶ ಮತ್ತು ಕಣಿವೆ. ಹಗಲು ಕಾದ ನೆಲ ರಾತ್ರಿ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಕಾವನ್ನು ತಡೆಯುತ್ತದೆ, ತಿಳಿಯಾದ ಆಕಾಶವಾದರೆ ತಡೆಯಿಲ್ಲ. ಮಳೆಗಾಲದ ರಾತ್ರಿಗಿಂತ ಮಾಗಿಯ ರಾತ್ರಿ ಹೆಚ್ಚು ಕೊರೆಯುವುದಕ್ಕೆ ಇದೂ ಕಾರಣ. ಹಾಗೆ ತಣ್ಣಗಾದ ಗಾಳಿ ಭಾರವಾದ್ದರಿಂದ ತಗ್ಗಿಗೆ ಇಳಿದು ನಿಲ್ಲುತ್ತದೆ. ಉಲಾನ್‌ಬಾತರ್ ಟೂಲ್ ನದಿಯ ಕಣಿವೆಯಲ್ಲಿ, ಬೆಟ್ಟಗಳ ನಡುವೆ ಇದೆ. ಚಳಿಗಾಲದ ತಣ್ಣನೆಯ ಗಾಳಿ ಅಲ್ಲಿ ತಟ್ಟೆಯಲ್ಲಿ ನೀರು ನಿಂತಂತೆ ನಿಲ್ಲುತ್ತದೆ.

ಲ್ಹಾಸಾದಿಂದ ಬೈಲಕುಪ್ಪೆಗೆ

ಈ ಪಾಠವನ್ನು ಪುಸ್ತಕದಿಂದಲ್ಲ, ಸ್ವಂತ ದೇಹದಿಂದಲೇ ಕಲಿತವರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಇದ್ದಾರೆ. ದೆಹಲಿ ಮತ್ತು ಟಿಬೆಟಿನ ಲ್ಹಾಸಾ ನಗರಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ದೆಹಲಿಯ ಎತ್ತರ ಸುಮಾರು 215 ಮೀಟರ್, ಲ್ಹಾಸಾದ ಎತ್ತರ ಸುಮಾರು 3,650 ಮೀಟರ್. ದೆಹಲಿಯ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ಉಷ್ಣತೆ ಮೈನಸ್ 0.6 ಡಿಗ್ರಿಗೆ ಇಳಿದ 1935ರ ಜನವರಿ 16ರ ದಿನವನ್ನು ಇಂದಿಗೂ ದಾಖಲೆಯೆಂದು ಹೇಳುತ್ತಾರೆ. ಲ್ಹಾಸಾದಲ್ಲಿ ಜನವರಿಯ ಪ್ರತಿ ರಾತ್ರಿಯೂ ಅದಕ್ಕಿಂತ ಎಷ್ಟೋ ಹೆಚ್ಚು ಚಳಿ.

1959ರಲ್ಲಿ ದಲೈ ಲಾಮಾ ಅವರು ಲ್ಹಾಸಾವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಮಂದಿ ಬಂದರು. ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತು. 1960–61ರ ಹೊತ್ತಿಗೆ ಮೊದಲ ನೆಲೆ ಆರಂಭವಾಯಿತು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಟಿಬೆಟನ್ನರ ನೆಲೆ ತಲೆಯೆತ್ತಿತು. ಲ್ಹಾಸಾದ ಅಂಚಿನಲ್ಲಿದ್ದ ಸೆರಾ ಮಠದ ಪರಂಪರೆ ಬೈಲಕುಪ್ಪೆಯಲ್ಲಿ ಮುಂದುವರಿಯಿತು.

ಹಿಮದ ನಾಡಿನಿಂದ ಬಂದವರಿಗೆ ಇಲ್ಲಿನ ಸೆಖೆಯೇ ದೊಡ್ಡ ಶತ್ರುವಾಯಿತು. ದಪ್ಪ ಉಣ್ಣೆಯ ನಿಲುವಂಗಿ ಕೆಲಸಕ್ಕೆ ಬಾರದಾಯಿತು. ಅಪರಿಚಿತ ಕಾಯಿಲೆಗಳಿಗೆ ಅನೇಕರು ಬಲಿಯಾದರು. ಬದುಕಲು ಕಾಡು ಕಡಿದು ಹೊಲ ಮಾಡಬೇಕಾಯಿತು, ಆ ಹೊಲಗಳಿಗೆ ಆನೆಗಳು ಬಂದವು. ಇಂದು ಅವರ ಮೊಮ್ಮಕ್ಕಳು ಮೈಸೂರು ಸೀಮೆಯ ಕನ್ನಡವನ್ನು ಸಲೀಸಾಗಿ ಆಡುತ್ತಾರೆ. ನವೆಂಬರ್ ಬಂತೆಂದರೆ ಅನೇಕರು ಲೂಧಿಯಾನದ ಸ್ವೆಟರುಗಳನ್ನು ತಂದು ಊರೂರುಗಳಲ್ಲಿ ಮಾರುತ್ತಾರೆ. ಮೂರೂವರೆ ಸಾವಿರ ಮೀಟರ್ ಎತ್ತರದ ಚಳಿಯನ್ನು ಬಿಟ್ಟುಬಂದವರ ಮಕ್ಕಳು ಇಲ್ಲಿನ ಹದಿನೈದು ಡಿಗ್ರಿಯ ಚಳಿಗೆ ಉಣ್ಣೆ ಮಾರುವುದನ್ನು ಕಂಡು ನಗುವವರೂ ಇದ್ದಾರೆ. ಆದರೆ ಇದರಲ್ಲಿ ಒಂದು ಸತ್ಯವಿದೆ. ಚಳಿಯನ್ನು ಉಷ್ಣಮಾಪಕವಷ್ಟೇ ಅಳೆಯುವುದಿಲ್ಲ. ದೇಹದ ರೂಢಿ, ಹೊದಿಕೆ, ಗೋಡೆ, ಹೊಟ್ಟೆಗೆ ಬಿದ್ದ ಊಟ ಇವೂ ಅಳೆಯುತ್ತವೆ. ಸೊನ್ನೆಯವರೆಗೆ ಇಳಿಯದ ದೆಹಲಿಯ ಚಳಿಯಲ್ಲಿ ಬೀದಿಬದಿಯಲ್ಲಿ ಮಲಗಿದವರು ಪ್ರಾಣ ಬಿಡುತ್ತಾರೆ. ಕಾಡಂಚಿನ ಹಾಡಿಯಲ್ಲಿ ಬಿದಿರು ತಡಿಕೆಯ ಗೋಡೆಯೊಳಗೆ ಮಲಗುವ ಮಗುವಿಗೆ ಹದಿಮೂರು ಡಿಗ್ರಿಯೂ ಕಠಿಣವೇ.

ಇಲ್ಲಿನ ಚಳಿ ಯಾರ ಕೊಡುಗೆ?

ಈ ನಾಲ್ಕು ತಾಲ್ಲೂಕುಗಳ ಸೀಮೆಗೆ ಸಮುದ್ರವಿಲ್ಲ, ಊಟಿಯ ಎತ್ತರವೂ ಇಲ್ಲ. ಆದರೂ ಇಲ್ಲಿನ ಹವೆ ಹದವಾಗಿದೆಯೆಂದರೆ ಅದಕ್ಕೆ ಪ್ರಸ್ಥಭೂಮಿಯ ಸಾಧಾರಣ ಎತ್ತರದ ಜೊತೆಗೆ ಪಶ್ಚಿಮದ ನಾಗರಹೊಳೆಯ ಕಾಡು, ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳು ಹಾಗೂ ಹಳ್ಳಿಹಳ್ಳಿಯ ಕೆರೆಗಳು ಕಾರಣ. ರೇಕ್ಯವಿಕ್ ನಗರಕ್ಕೆ ಸಾಗರ ದೊಡ್ಡ ಪ್ರಮಾಣದಲ್ಲಿ ಮಾಡುವ ಕೆಲಸವನ್ನು ಹಳ್ಳಿಗೆ ಅದರ ಕೆರೆ ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ. ಮರದ ಕೆಳಗಿನ ನೆಲ ಹಗಲು ಬಯಲಿನಷ್ಟು ಕಾಯುವುದಿಲ್ಲ, ರಾತ್ರಿ ಬಯಲಿನಷ್ಟು ಬೇಗ ಆರುವುದಿಲ್ಲ. ಮರ ಕಡಿದು ಕೆರೆ ತುಂಬಿಸಿದ ಊರಿಗೆ ಬೇಸಿಗೆಯ ಉರಿಯೂ ಮಾಗಿಯ ಕೊರೆತವೂ ಎರಡೂ ಹೆಚ್ಚು.

ಚಳಿ ಇಲ್ಲಿನ ರೈತನಿಗೆ ವೈರಿಯೂ ಅಲ್ಲ. ಮಂಜು ಬಿದ್ದಾಗಲೇ ಅವರೆಕಾಯಿಗೆ ಸೊಗಡು. ಹಿಂಗಾರಿನ ಹುರುಳಿ ಮಳೆ ನಿಂತ ಮೇಲೆ ಇಬ್ಬನಿಯನ್ನು ನಂಬಿಯೇ ಕಾಯಿ ಕಟ್ಟುತ್ತದೆಂದು ಹಿರಿಯರು ಹೇಳುತ್ತಾರೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆಂಬ ಮಾತಿನಲ್ಲಿ ಋತುಗಳ ಮೇಲಿನ ನಂಬಿಕೆಯಿದೆ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. ಒಂದೂಕಾಲು ಶತಮಾನ ಕಳೆದರೂ ಆ ನಗರ ಮತ್ತೆ ಅಷ್ಟು ಕೆಳಗಿಳಿಯಲಿಲ್ಲ. ಒಂದು ದಿನದ ದಾಖಲೆಯಿಂದ ಹವಾಮಾನ ಬದಲಾಯಿತೆಂದು ಸಾಧಿಸಲಾಗದು. ಆದರೆ ಕೆರೆಗಳ ಜಾಗದಲ್ಲಿ ಬಸ್ ನಿಲ್ದಾಣ, ಬಡಾವಣೆಗಳನ್ನು ಕಟ್ಟಿಕೊಂಡ ಊರಿನಲ್ಲಿ ರಾತ್ರಿಗಳು ಹಳೆಯಂತೆ ತಣಿಯುವುದಿಲ್ಲವೆಂಬುದನ್ನು ತಿಳಿಯಲು ದಾಖಲೆಯೇ ಬೇಕಾಗಿಲ್ಲ.

ಚಳಿಯ ರಾಜಧಾನಿಗಳಲ್ಲಿಯೂ ಚಳಿಗಾಲ ಸಡಿಲವಾಗುತ್ತಿದೆ. ಒಟ್ಟಾವಾದ ರಿಡೋ ಕಾಲುವೆ ಚಳಿಗಾಲದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. 1970ರ ದಶಕದ ಆರಂಭದಿಂದ ಪ್ರತಿ ವರ್ಷ ಅದರ 7.8 ಕಿಲೋಮೀಟರ್ ಉದ್ದಕ್ಕೂ ಜನ ಮಂಜುಗಡ್ಡೆಯ ಮೇಲೆ ಜಾರುತ್ತಿದ್ದರು. 2022–23ರ ಚಳಿಗಾಲದಲ್ಲಿ ಮಂಜುಗಡ್ಡೆ ಸಾಕಷ್ಟು ದಪ್ಪವಾಗದ ಕಾರಣ ಒಂದು ದಿನವೂ ಅದನ್ನು ತೆರೆಯಲಾಗಲಿಲ್ಲ. ಹಾಗಾದದ್ದು ಅದೇ ಮೊದಲು.

ಕಾವಿಗಾಗಿ ಏನನ್ನು ಸುಡಬೇಕು?

ಮಂಗೋಲಿಯಾದ ಅರ್ಧದಷ್ಟು ಜನ ಇಂದು ಉಲಾನ್‌ಬಾತರಿನಲ್ಲಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ಹುಲ್ಲುಗಾವಲುಗಳಿಂದ ಬಂದ ಪಶುಪಾಲಕರು. ಬರಗಾಲದ ಹಿಂದೆಯೇ ಭೀಕರ ಚಳಿ ಬಂದರೆ ಅಲ್ಲಿ ಮೇವಿಲ್ಲದೆ ದನಕುರಿಗಳು ಸಾಯುತ್ತವೆ. 2009–10ರ ಒಂದೇ ಚಳಿಗಾಲದಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಮಂದೆ ಕಳೆದುಕೊಂಡವರು ರಾಜಧಾನಿಯ ಅಂಚಿನಲ್ಲಿ ಉಣ್ಣೆಯ ಹೊದಿಕೆಯ ಗುಡಾರ ಹಾಕಿ, ಒಲೆಯಲ್ಲಿ ಕಲ್ಲಿದ್ದಲು ಸುಟ್ಟು ಬದುಕಿದರು. ಕಣಿವೆಯಲ್ಲಿ ನಿಂತ ತಣ್ಣನೆಯ ಗಾಳಿ ಆ ಹೊಗೆಯನ್ನು ಮೇಲೇರಲು ಬಿಡಲಿಲ್ಲ. ಅತ್ಯಂತ ಚಳಿಯ ರಾಜಧಾನಿ ಚಳಿಗಾಲದಲ್ಲಿ ಅತ್ಯಂತ ಕೊಳೆಯಾದ ಗಾಳಿಯ ರಾಜಧಾನಿಗಳಲ್ಲಿಯೂ ಒಂದಾಯಿತು. ಮಕ್ಕಳ ಶ್ವಾಸಕೋಶಗಳು ಬೆಲೆ ತೆತ್ತವು. 2019ರ ಮೇ ತಿಂಗಳಿನಲ್ಲಿ ಸರ್ಕಾರ ಕಚ್ಚಾ ಕಲ್ಲಿದ್ದಲನ್ನು ನಗರದಲ್ಲಿ ನಿಷೇಧಿಸಿ ಸಂಸ್ಕರಿಸಿದ ಇದ್ದಲಿನ ಉಂಡೆಗಳನ್ನು ಹಂಚಿತು. ಹೊಗೆ ತಗ್ಗಿತು. ಆದರೆ ಆ ಚಳಿಗಾಲದಲ್ಲಿಯೇ ಮುಚ್ಚಿದ ಗುಡಾರಗಳೊಳಗೆ ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್ ಅನಿಲ ಕೆಲವರ ಪ್ರಾಣ ತೆಗೆಯಿತು. ಚಳಿಗೆಂದು ಕಿಟಕಿ ಬಾಗಿಲು ಮುಚ್ಚಿ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವ ಪದ್ಧತಿ ಇಲ್ಲಿಯೂ ಇದ್ದರೆ ಅದನ್ನು ಇಂದೇ ಬಿಡಬೇಕು.

ರೇಕ್ಯವಿಕ್ ಬೇರೆ ದಾರಿ ಹಿಡಿಯಿತು. ಅಲ್ಲಿಯೂ ಹಿಂದೆ ಕಲ್ಲಿದ್ದಲಿನ ಹೊಗೆ ಊರನ್ನು ಕವಿಯುತ್ತಿತ್ತು. 1930ರಲ್ಲಿ ಊರಿನ ಬಿಸಿನೀರಿನ ಬುಗ್ಗೆಯಿಂದ ಕೊಳವೆ ಹಾಕಿ ಒಂದು ಶಾಲೆಯನ್ನು ಮತ್ತು ಕೆಲವು ಮನೆಗಳನ್ನು ಬೆಚ್ಚಗಿರಿಸಲು ಆರಂಭಿಸಿದರು. ಇಂದು ಐಸ್‌ಲ್ಯಾಂಡಿನ ಹತ್ತರಲ್ಲಿ ಒಂಬತ್ತು ಮನೆಗಳು ಭೂಮಿಯೊಳಗಿನ ಕಾವಿನಿಂದಲೇ ಬೆಚ್ಚಗಿವೆ. ಎಲ್ಲ ಊರುಗಳಿಗೂ ಬಿಸಿನೀರಿನ ಬುಗ್ಗೆ ಇರುವುದಿಲ್ಲ, ನಿಜ. ಆದರೆ ಕಾಲ ಕೆಳಗೆ ಏನಿದೆಯೆಂದು ಹುಡುಕುವ ಬುದ್ಧಿ ಎಲ್ಲ ಊರುಗಳಿಗೂ ಬೇಕು.

ಈ ಸೀಮೆಯ ಬೆಂಕಿ

ಈಗ ಮನೆಯಂಗಳಕ್ಕೆ ಬರೋಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ನಾಲ್ಕು ಹೆಸರುಗಳನ್ನು ಒಟ್ಟಿಗೆ ಹೇಳಿದೊಡನೆ ನೆನಪಾಗುವುದು ವರ್ಜೀನಿಯಾ ಹೊಗೆಸೊಪ್ಪು. ಮನೆ ಬೆಚ್ಚಗಿರಿಸಲು ಸೌದೆ ಸುಡಬೇಕಾದ ಚಳಿ ಇಲ್ಲಿಲ್ಲ. ಆದರೂ ಮಳೆಗಾಲದ ನಡುವೆ, ಜುಲೈ ತಿಂಗಳಿನಿಂದ ಮುಂದೆ, ಸಾವಿರಾರು ಬ್ಯಾರನ್‌ಗಳಲ್ಲಿ ಹಗಲು ರಾತ್ರಿ ಬೆಂಕಿ ಉರಿಯುತ್ತದೆ. ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಏರಿಸಿ, ಮೊದಲು ಮೂವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಹಳದಿಯಾಗಿಸಿ, ಕ್ರಮವಾಗಿ ಕಾವು ಹೆಚ್ಚಿಸುತ್ತ ಕೊನೆಗೆ ದಂಟು ಒಣಗಲು ಸುಮಾರು 70 ಡಿಗ್ರಿಗೆ ಒಯ್ಯುತ್ತಾರೆ. ಐದಾರು ದಿನ ರೈತನ ಮನೆಯವರಿಗೆ ನಿದ್ರೆಯಿಲ್ಲ.

ಒಂದು ಕಿಲೋ ಹದವಾದ ಸೊಪ್ಪಿಗೆ ಸುಮಾರು ಐದು ಕಿಲೋ ಸೌದೆ ಬೇಕೆಂಬುದು ಸಾಮಾನ್ಯ ಲೆಕ್ಕ. ಸಾವಿರ ಕಿಲೋ ಸೊಪ್ಪು ಮಾಡಿದ ರೈತ ಐದು ಟನ್ ಮರವನ್ನು ಸುಟ್ಟಂತಾಯಿತು. ಹಳ್ಳಿಯ ಬ್ಯಾರನ್‌ಗಳ ಸಂಖ್ಯೆಯಿಂದ ಇದನ್ನು ಗುಣಿಸಿ ನೋಡುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡಬಹುದು. ಆ ಮರ ಹಿಂದೆ ಕಾಡಿನಿಂದ ಬರುತ್ತಿತ್ತು. ಆ ಮೇಲೆ ಹೊಲದ ಬದುಗಳ ಮರಗಳು ಹೋದವು. ನೀಲಗಿರಿ, ಸರ್ವೆ ತೋಪುಗಳೂ ದೂರದ ಊರಿನ ಸೌದೆ ಲಾರಿಗಳೂ ಬಂದವು. ಸೊಪ್ಪಿನ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ. ಚಳಿಯ ರಾಜಧಾನಿಗಳ ಬೀದಿಯಲ್ಲಿ ಕೈ ಮುದುರಿ ನಿಂತವನ ಬೆರಳ ನಡುವಿನ ಸಿಗರೇಟಿನ ಹಿಂದೆ ಈ ಸೀಮೆಯ ಒಂದು ಮರ ನಿಂತಿರಬಹುದು. ಮೂರು ತಿಂಗಳಿನ ಹೊಗೆ ಉಸಿರಾಡಿದ ರೈತ ಮಹಿಳೆಯ ಎದೆಯೂ ಇದ್ದೀತು.

ಇದಕ್ಕೆ ರೈತನನ್ನು ದೂಷಿಸುವುದು ಅನ್ಯಾಯ. ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ಹರಾಜು ಕಟ್ಟೆಗೆ ಹೋಗಿ ಕೈಗೆ ಹಣ ಎಣಿಸಿಕೊಳ್ಳುವ ಬೆಳೆ ಬೇರೆ ಯಾವುದಿದೆಯೆಂದು ಅವನು ಕೇಳಿದರೆ ಸುಲಭದ ಉತ್ತರವಿಲ್ಲ. ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದಕ್ಕೆ ಭಾರತ 2004ರಲ್ಲಿ ಒಪ್ಪಿಗೆ ನೀಡಿದೆ. ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸಬೇಕೆಂಬ ಮಾತು ಆ ಒಪ್ಪಂದದಲ್ಲಿಯೇ ಇದೆ. ಆ ಮಾತನ್ನು ನಡೆಸಿಕೊಡಬೇಕಾದವರು ಆಳುವವರು. ಅದನ್ನು ಕೇಳುವ ಹಕ್ಕು ಬೆಳೆಗಾರನದು.

ಅಲ್ಲಿಯವರೆಗೆ ಮಾಡಬಹುದಾದ ಕೆಲಸಗಳಿವೆ. ಬ್ಯಾರನ್‌ನ ಕಾವು ಚಾವಣಿಯಿಂದ, ಗೋಡೆಯ ಬಿರುಕಿನಿಂದ ಸೋರಿಹೋಗುತ್ತದೆ. ಸೋರಿಕೆ ತಡೆದಷ್ಟೂ ಸೌದೆ ಉಳಿಯುತ್ತದೆ. ಮಂಗೋಲಿಯಾದ ಗುಡಾರದವನು ಉಣ್ಣೆಯ ಹೊದಿಕೆಯನ್ನು ಇಮ್ಮಡಿಸುವುದೂ ಇದೇ ತತ್ತ್ವದಿಂದ. ಹಸಿ ಸೌದೆಯ ಕಾವಿನ ಒಂದು ಪಾಲು ಅದರ ನೀರನ್ನು ಆರಿಸುವುದಕ್ಕೇ ವ್ಯರ್ಥವಾಗುವುದರಿಂದ ಸೌದೆಯನ್ನು ಬೇಸಿಗೆಯಲ್ಲಿಯೇ ಸೀಳಿ ಒಣಗಿಸಿಡಬೇಕು. ಸುಡುವ ಪ್ರತಿಯೊಬ್ಬನೂ ತನ್ನ ಬದುವಿನಲ್ಲಿ ಸುಡುವಷ್ಟನ್ನಾದರೂ ಬೆಳೆಸಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಉಲಾನ್‌ಬಾತರಿನ ಚಳಿಯ ಅಂಕಿ ಪುಸ್ತಕದಲ್ಲಿ ಸಿಗುತ್ತದೆ. ಪಿರಿಯಾಪಟ್ಟಣದ ಒಂದು ಹಳ್ಳಿಯ ಕೆರೆ ಏರಿಯ ಮೇಲಿನ ಚಳಿಯ ಅಂಕಿ ಯಾವ ಪುಸ್ತಕದಲ್ಲಿಯೂ ಇಲ್ಲ. ಸಾಧಾರಣ ಬೆಲೆಯ ಮೂರು ಉಷ್ಣಮಾಪಕಗಳು ಸಾಕು. ಕೆರೆಯ ಬಳಿ, ಊರ ನಡುವೆ ಮತ್ತು ಮರವಿಲ್ಲದ ಬಯಲಿನಲ್ಲಿ, ನೆಲದಿಂದ ಆಳೆತ್ತರದಲ್ಲಿ, ಬಿಸಿಲು ನೇರ ತಾಗದಂತೆ ಅವನ್ನು ತೂಗುಹಾಕಬೇಕು. ಮಾರ್ಗಶಿರದಿಂದ ಶಿವರಾತ್ರಿಯವರೆಗೆ ಪ್ರತಿದಿನ ಸೂರ್ಯೋದಯಕ್ಕೆ ಮುಂಚೆ ಒಮ್ಮೆ, ಮಧ್ಯಾಹ್ನ ಒಮ್ಮೆ ಓದಿ ಬರೆದಿಡಬೇಕು. ಜೊತೆಗೆ ಇಬ್ಬನಿ ಬಿತ್ತೇ, ಮೋಡವಿತ್ತೇ, ಅವರೆ ಹೂ ಬಿಟ್ಟಿತೇ ಎಂಬುದನ್ನೂ ಬರೆಯಬೇಕು. ಹತ್ತು ವರ್ಷ ಇದನ್ನು ನಡೆಸಿದ ಶಾಲೆಯ ಬಳಿ ಯಾವ ರಾಜಧಾನಿಯ ಕಚೇರಿಯಲ್ಲಿಯೂ ಇಲ್ಲದ ದಾಖಲೆ ಇರುತ್ತದೆ. ಈ ವರ್ಷದ ಚಳಿ ಹಿಂದಿನಂತಿಲ್ಲವೆಂಬ ಚುಂಚನಕಟ್ಟೆಯ ಜಾತ್ರೆಯ ಮಾತಿಗೆ ಆಗ ಪುರಾವೆ ಸಿಗುತ್ತದೆ, ಇಲ್ಲವೇ ತಿದ್ದುಪಡಿ ಸಿಗುತ್ತದೆ. ಎರಡೂ ಉಪಯುಕ್ತವೇ.

ಹದವಾದ ಹವೆ ಈ ಸೀಮೆಗೆ ಕೇಳದೆಯೇ ಬಂದ ಭಾಗ್ಯ. ಮಂಗೋಲಿಯಾದವರು ಚಳಿಗೆ ಹೆದರಿ ಸುಟ್ಟರು. ಆ ಹೆದರಿಕೆಯೂ ಇಲ್ಲದ ಈ ನಾಡು ತನ್ನನ್ನು ತಂಪಾಗಿರಿಸಿದ ಮರಗಳನ್ನೇ ಸುಡುತ್ತ ಹೋದರೆ, ಮುಂದಿನ ತಲೆಮಾರಿಗೆ ಮಾಗಿಯ ಚಳಿ ಅಜ್ಜಿ ಹೇಳುವ ಕಥೆಯಾಗಿಬಿಟ್ಟೀತು. ಕಂಬಳಿ ಹೊದೆಯುವಂಥ ಬೆಳಗುಗಳನ್ನು ಮಕ್ಕಳಿಗೆ ಉಳಿಸಿಕೊಡುವುದು ಇಂದಿನವರ ಹೊಣೆ.